ಏಳು, ತಮ್ಮಾ, ಏಳು

ಅರವತ್ತೆರಡು ತುಂಬುವವರೆಗೂ ನಾನು ನನ್ನ ತೊಡೆಗಳ ಬಗ್ಗೆ ಒಮ್ಮೆಯೂ ಯೋಚಿಸಿರಲಿಲ್ಲ. ಅವು ವೃತ್ತಪತ್ರಿಕೆ ಹರವಿಕೊಳ್ಳಲು, ಮೊಮ್ಮಗಳನ್ನು ಕೂರಿಸಿಕೊಳ್ಳಲು, ಸಂಗೀತ ಕೇಳುವಾಗ ತಪ್ಪು ತಾಳ ಹಾಕಲು ಇರುವ ಸಾಮಾನುಗಳೆಂದೇ ತಿಳಿದಿದ್ದೆ. ನನ್ನನ್ನು ನೆಲದಿಂದ ಮೇಲೆತ್ತುವವೂ ಅವೇ ಎಂದು ಗೊತ್ತಾದದ್ದು ಅವು ಮುಷ್ಕರ ಹೂಡಿದ ದಿನ.

ಧಾರವಾಡದಿಂದ ಪುಣೆಗೆ ಬಂದು, ಮೂವತ್ತು ವರ್ಷ ಸಂಸ್ಕೃತ ಕಲಿಸಿ ನಿವೃತ್ತನಾದ ಮಾಸ್ತರ ನಾನು. ನಿವೃತ್ತಿಯ ಬೆನ್ನಿಗೇ ಸಿಹಿಮೂತ್ರ ರೋಗ ಬಂತು. ಸದಾಶಿವ ಪೇಟೆಯ ನಮ್ಮ ಡಾಕ್ಟರು ಗಾಜಿನ ನಳಿಗೆಯ ನೀಲಿ ದ್ರಾವಣಕ್ಕೆ ನನ್ನ ಮೂತ್ರದ ಹನಿಗಳನ್ನು ಸೇರಿಸಿ ಕಾಯಿಸಿದರು. ಅದು ಇಟ್ಟಂಗಿಯಂತೆ ಕೆಂಪಾಯಿತು. ಸಕ್ಕರೆ ಬಿಡಿ, ಅನ್ನ ಕಡಿಮೆ ಮಾಡಿ ಎಂದರು. ನಮ್ಮ ಪ್ರಾಚೀನರು ಇದಕ್ಕೆ ಮಧುಮೇಹ ಎಂದು ಹೆಸರಿಟ್ಟರಲ್ಲ, ಜೇನನ್ನು ಇಂಥ ಜಾಗಕ್ಕೆ ಎಳೆದು ತಂದ ಆ ಪುಣ್ಯಾತ್ಮ ವೈದ್ಯನೋ ಕವಿಯೋ ಎಂದು ಎರಡು ದಿನ ವಿಚಾರ ಮಾಡಿದೆ. ಮೂರನೆಯ ದಿನ ಪಥ್ಯ ಹಿಡಿದೆ.

ಹಿಡಿದೆ ಎನ್ನುವುದಕ್ಕಿಂತ ಪಥ್ಯವೇ ನನ್ನನ್ನು ಹಿಡಿಯಿತು. ಸಕ್ಕರೆ, ಅನ್ನ, ರೊಟ್ಟಿ ಬಿಟ್ಟೆ. ತೊಗರಿಬೇಳೆ ನಾಲಿಗೆಗೆ ಸಿಹಿಯೆನಿಸಿತು, ಬಿಟ್ಟೆ. ಎಮ್ಮೆ ಎಲ್ಲಾದರೂ ಕಬ್ಬಿನ ಸೋಗೆ ತಿಂದಿದ್ದರೆ ಎಂಬ ಶಂಕೆಯಿಂದ ಹಾಲನ್ನೂ ಬಿಟ್ಟೆ. ಉಳಿದದ್ದು ಮೆಂತ್ಯದ ಸೊಪ್ಪು, ಹಾಗಲಕಾಯಿ ಮತ್ತು ನನ್ನ ಹಟ. ನಾಲ್ಕು ತಿಂಗಳಿಗೆ ನಳಿಗೆ ನೀಲಿಯಾಗಿಯೇ ಉಳಿಯಿತು. ಪದಕ ಗೆದ್ದವನಂತೆ ಮನೆಯಲ್ಲಿ ಸಾರಿದೆ. ನನ್ನ ಮನೆಯವಳು ಜಾರುತ್ತಿದ್ದ ಧೋತರ ನೋಡಿ, “ನೀಲಿ ಉಳೀತ್ರಿ, ಖರೇ. ಆದ್ರ ನೀವ ಎಲ್ಲಿ ಉಳದ್ರಿ?” ಎಂದಳು.

ಉತ್ತರ ಸಿಕ್ಕಿದ್ದು ನಾರಾಯಣ ಪೇಟೆಯ ಒಂದು ಮದುವೆಯಲ್ಲಿ. ಮಣೆಯ ಮೇಲೆ ಕೂತು ಎಲ್ಲರೂ ಉಂಡರು. ನಾನು ಕೋಸಂಬರಿಯೊಳಗಿನ ಸೌತೆಕಾಯಿ ಆರಿಸಿದೆ. ಗಂಡಸರ ಪಂಕ್ತಿಗೆ ನಾನೇ ಹಿರಿಯ, ನಾನೆದ್ದ ಮೇಲೆಯೇ ಉಳಿದವರು ಏಳಬೇಕು. ಏಳಹೋದೆ. ತೊಡೆಗಳು ಒಲ್ಲೆವೆಂದವು. ಮತ್ತೆ ಯತ್ನಿಸಿದೆ. ಮಣೆ ಮಾತ್ರ ಅಲುಗಿತು. ನಲವತ್ತು ಮಂದಿ ಒಣಗುತ್ತಿರುವ ಕೈ ಹಿಡಿದುಕೊಂಡು ನನ್ನ ಮುಖ ನೋಡುತ್ತಿದ್ದಾರೆ. ಬಾಗಿಲಲ್ಲಿ ಮುಂದಿನ ಪಂಕ್ತಿಯವರು ಹಸಿದು ನಿಂತಿದ್ದಾರೆ. ಮಾನ ಉಳಿಸಿಕೊಳ್ಳಲು ಒಂದು ಶ್ಲೋಕ ಹೇಳಿದೆ. “ವಾಹ್ವಾ!” ಎಂದರು. ಇನ್ನೊಂದು ಹೇಳಿದೆ. ಐದನೆಯ ಶ್ಲೋಕಕ್ಕೆ ವಾಹ್ವಾ ನಿಂತಿತು. ಬಡಿಸುವವನು, ಅಜ್ಜನಿಗೆ ಇನ್ನೂ ತೃಪ್ತಿಯಾಗಿಲ್ಲವೆಂದು ಜಿಲೇಬಿಯ ತಾಟು ಹಿಡಿದು ಬಂದ.

ಆಗ ಹೆಂಗಸರ ಕಡೆಯಿಂದ ನನ್ನ ಅಕ್ಕ ಗಂಗಕ್ಕ ಎದ್ದು ಬಂದಳು. ವಯಸ್ಸು ಎಪ್ಪತ್ತು, ನನ್ನದೇ ರೋಗ, ನನಗಿಂತ ಹಳೆಯದು. ಕಂಕುಳಿಗೆ ಕೈಹಾಕಿ, ಬಾವಿಯಿಂದ ಕೊಡ ಸೇದಿದಂತೆ ನನ್ನನ್ನು ಎತ್ತಿ ನಿಲ್ಲಿಸಿದಳು.

“ಡಾಕ್ಟರು ಸಕ್ಕರಿ ಬಿಡು ಅಂದ್ರ, ನೀ ಸತ್ವಾನ ಬಿಟ್ಟೀಯಲ್ಲೋ ತಮ್ಮಾ!”

ಪಂಕ್ತಿಯೆಲ್ಲ ನಕ್ಕಿತು. ನಾನೂ ನಕ್ಕೆ, ಆಮೇಲೆ ಯೋಚಿಸಿದೆ: ಇದೇ ಗತಿ ಬಚ್ಚಲುಮನೆಯಲ್ಲಿ, ಬಾಗಿಲು ಹಾಕಿಕೊಂಡಾಗ ಆಗಿದ್ದರೆ?

ಮರುದಿನ ಅವಳೇ ಡಾಕ್ಟರ ಬಳಿಗೆ ಎಳೆದೊಯ್ದಳು. ಅವರು ನನ್ನ ತೊಡೆ ಹಿಂಡಿ ನೋಡಿ ಹಣೆ ಚಚ್ಚಿಕೊಂಡರು. ಒಲೆಗೆ ಕಟ್ಟಿಗೆಯಿಲ್ಲವೆಂದು ಮನೆಯ ತೊಲೆಯನ್ನೇ ಕಡಿದು ಉರಿಸಿದ್ದೀರಿ, ಮಾಸ್ತರ. ಉಣ್ಣದವನ ಮೈ ತನ್ನ ಮಾಂಸವನ್ನೇ ಉಣ್ಣುತ್ತದೆ ಎಂದರು. ನಿತ್ಯ ಬೇಳೆ, ಮೊಳಕೆ ಬಂದ ಮಡಿಕೆಕಾಳು, ಮೊಸರು ಬೇಕು. ಅಳತೆಯಲ್ಲಿ ಜೋಳದ ರೊಟ್ಟಿಯೂ ಇರಲಿ. ಎಲುಬಿಗೆ ಹಾಲು, ಎಳ್ಳು, ಬೆಳಗಿನ ಬಿಸಿಲು. ಇಷ್ಟು ಉಂಡರೂ ಸಾಲದು, ಕೂತು ಏಳುವುದನ್ನು ಮೊದಲಿನಿಂದ ಕಲಿಯಬೇಕು.

ಗುರು ಗಂಗಕ್ಕನೇ. ದಿನಾ ಬೆಳಗ್ಗೆ ಬಂದು ನನ್ನನ್ನು ಕುರ್ಚಿಯಿಂದ ಹತ್ತು ಸಲ ಎಬ್ಬಿಸಿ ಕೂರಿಸುತ್ತಿದ್ದಳು. ಎಣಿಕೆ ಅವಳದು, ನನ್ನ ಬೆನ್ನು ಬಾಗಿದರೆ ಎಣಿಕೆ ಮುಂದೆ ಹೋಗದು. “ಆರು... ಏಳು... ಏಳು... ಏಳು...” ಇದು ಸಂಖ್ಯೆಯೋ ಅಪ್ಪಣೆಯೋ ತಿಳಿಯದೆ ನಾನು ಏಳುತ್ತಲೇ ಇದ್ದೆ. ಎರಡಕ್ಕೂ ಒಂದೇ ಮಾತಿಟ್ಟವನು ಯಾರೋ ಕನ್ನಡದ ಗರಡಿಯ ಉಸ್ತಾದನೇ ಇರಬೇಕು. ಹೀಗೆ ಹೇಳಿದಾಗ ಅಕ್ಕ, ನನ್ನ ಮನೆಯವಳು, ನಾನು ಮೂವರೂ ನಗುತ್ತ ನೆಲಕ್ಕೆ ಕುಸಿದೆವು. ಆ ದಿನದ ಪಾಠ ಅಲ್ಲಿಗೇ ಮುಗಿಯಿತು.

ಸಂಕ್ರಾಂತಿಯ ಹೊತ್ತಿಗೆ ಕುರ್ಚಿ ಹೋಗಿ ಮಣೆ ಬಂತು, ಯುಗಾದಿಯ ಹೊತ್ತಿಗೆ ಪರ್ವತಿ ಗುಡ್ಡದ ಮೆಟ್ಟಿಲು. ನಳಿಗೆ ಒಮ್ಮೊಮ್ಮೆ ತುಸು ಹಸಿರಾಗಿ ಸಕ್ಕರೆಯ ಸುಳಿವು ಕೊಡುತ್ತಿತ್ತು, ಡಾಕ್ಟರು ಹುಬ್ಬೇರಿಸಲಿಲ್ಲ. ನನ್ನ ಮೀನಖಂಡ ಗಟ್ಟಿಯಾಗಿತ್ತು. ಬಂದವರಿಗೆಲ್ಲ ಮುಟ್ಟಿ ನೋಡಲು ಕೊಡುತ್ತಿದ್ದೆ.

ಒಂದು ಬೆಳಗ್ಗೆ ಗುಡ್ಡ ಇಳಿದಾಗ ಬುಡದಿಂದ ಒಂದು ಟಾಂಗಾ ಹೊರಟಿತ್ತು. ಅಕ್ಕ “ಥಾಂಬ ರೇ, ಥಾಂಬ!” ಎಂದು ಕೂಗುತ್ತ, ಸೀರೆ ಎತ್ತಿ ಹಿಡಿದು ಓಡಿದಳು. ಏನು ಅವಸರವೋ ಎಂದು ನಾನೂ ಹಿಂದೆಯೇ ಓಡಿದೆ. ನಿಜವಾಗಿ ಓಡಿದೆ! ಟಾಂಗಾದವನು ನಿಲ್ಲಿಸಿ, ಒಳಗೆ ಜಾಗ ಮಾಡಿಕೊಟ್ಟ. ಅಕ್ಕ ಏದುಸಿರು ಬಿಡುತ್ತ, ನೀನು ಹೋಗಪ್ಪ, ನಾವು ನಡೆದೇ ಹೋಗುತ್ತೇವೆ ಎಂದು ಮರಾಠಿಯಲ್ಲಿ ಹೇಳಿದಳು. ಅವನು ಕಕ್ಕಾಬಿಕ್ಕಿಯಾಗಿ, ಹಾಗಾದರೆ ಓಡಿ ಬಂದದ್ದೇಕೆ ಆಜೀ ಎಂದು ಕೇಳಿದ.

ಅಕ್ಕ ನನ್ನತ್ತ ತಿರುಗಿ ಕಣ್ಣು ಮಿಟುಕಿಸಿದಳು.

“ಓಡ್ಲಿಕ್ಕೂ ಕಾರಣ ಬೇಕಂತ ನೋಡೋ ಇವಗ!”