ಕೆಂಪು ಗುಂಡಿ ಒತ್ತಿದವರು

ನಾನು ನಿಂತಿದ್ದು ಎಸ್ಕಲೇಟರ್ ಕೆಳಗೆ ಮುಗಿಯುವ ಜಾಗದಿಂದ ಐದು ಹೆಜ್ಜೆ ದೂರ, ಬಲಗಡೆಯ ಕಂಬದ ಪಕ್ಕ. ಮೂರು ವರ್ಷದ ಹಿಂದಿನ ಏಪ್ರಿಲ್, ಭಾನುವಾರ, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ಇಷ್ಟು ಕರಾರುವಾಕ್ಕಾಗಿ ಹೇಳಲು ಕಾರಣವಿದೆ: ನಮ್ಮ ಮನೆಯಲ್ಲಿ ಈ ಘಟನೆ ಈಗ ಬೇರೆಯೇ ಥರ ನಡೆದಿದೆ.

ಕೃಷ್ಣರಾಜಪುರದಲ್ಲಿ ಬಾಡಿಗೆಗಿದ್ದ ನಮಗೆ ಬೇಸಿಗೆಯ ಭಾನುವಾರವೆಂದರೆ ಮಾಲು. ಕೊಳ್ಳಲಿಕ್ಕಲ್ಲ, ತಂಪಿಗೆ. ಕಲಬುರಗಿಯ ಬಿಸಿಲಲ್ಲಿ ಐವತ್ತು ವರ್ಷ ಕಳೆದ ದೊಡ್ಡಪ್ಪನಿಗೆ ಬೆಂಗಳೂರಿನ ಸೆಕೆ ತಡೆಯಲಾಗುತ್ತಿರಲಿಲ್ಲ. ಹನ್ನೊಂದಕ್ಕೆ ಹೋಗುವುದು, ಸೋಫಾ ಅಂಗಡಿಯ ಎಲ್ಲ ಸೋಫಾಗಳ ಮೇಲೂ ಪಕ್ಷಪಾತವಿಲ್ಲದೆ ಸ್ವಲ್ಪ ಸ್ವಲ್ಪ ಹೊತ್ತು ಕೂರುವುದು, ಕಾವಲಿನವನು ಅತ್ತ ತಿರುಗಿದಾಗ ಚೀಲದ ಜೋಳದ ರೊಟ್ಟಿ, ಶೇಂಗಾ ಹಿಂಡಿ ಮುಗಿಸುವುದು, ಸಂಜೆ "ಈ ಮಾಲಿನಾಗ ಏನೂ ಇಲ್ಲ" ಎಂದು ತೀರ್ಪು ಕೊಟ್ಟು ಮರಳುವುದು.

ಆ ದಿನ ಐವರಿದ್ದೆವು: ದೊಡ್ಡಪ್ಪ, ದೊಡ್ಡವ್ವ, ಅವರ ಮಗನಾದ ಅಣ್ಣ, ಅಣ್ಣನ ಹೆಂಡತಿ, ನಾನು. ಅತ್ತಿಗೆ ಶಿವಾಜಿನಗರದ ಮುಸ್ಲಿಮರ ಮನೆಯ ಹುಡುಗಿ. ಮದುವೆಯಾಗಿ ಎರಡು ವರ್ಷವಾದರೂ ದೊಡ್ಡಪ್ಪ ಅವಳೊಂದಿಗೆ ನೇರವಾಗಿ ಮಾತಾಡಿರಲಿಲ್ಲ. ರಸೆಲ್ ಮಾರುಕಟ್ಟೆಯಲ್ಲಿ ಮಾವಿನಹಣ್ಣಿನವನ ಜೊತೆ ಅರ್ಧ ತಾಸು ದಖನಿ ಉರ್ದುವಿನಲ್ಲಿ ನಗುನಗುತ್ತಾ ಚೌಕಾಸಿ ಮಾಡುವ ಮನುಷ್ಯ, ಆ ಭಾಷೆಯನ್ನು ಚಪ್ಪಲಿಯ ಜೊತೆ ಬಾಗಿಲಾಚೆ ಬಿಟ್ಟು ಒಳಗೆ ಬರುತ್ತಿದ್ದ. ಎದುರಿಗೇ ನಿಂತ ಸೊಸೆಗೆ ಅವನ ಮಾತು ನನ್ನ ಮೂಲಕ ತಲುಪಬೇಕಿತ್ತು.

"ಆಕೀಗಿ ಹೇಳು, ಚಹಾದಾಗ ಸಕ್ರಿ ಕಡಿಮಿ ಆಗ್ಯಾದ."

"ಕೇಳಿಸ್ತು ಮಾವ," ಎನ್ನುತ್ತಿದ್ದಳು ಅತ್ತಿಗೆ.

"ಆಕೀಗಿ ಕೇಳಿಸ್ತಂತೇನು?" ಎಂದು ಅವನು ನನ್ನನ್ನೇ ವಿಚಾರಿಸುತ್ತಿದ್ದ.

ಅವಳಿಗಿದ್ದದ್ದು ಒಂದೇ ಆಸೆ. ನನ್ನ ಹತ್ತಿರ ಒಮ್ಮೆ ಹೇಳಿದ್ದಳು: "ಬೈದ್ರೂ ಪರ್ವಾಗಿಲ್ಲ ಕಣೋ. ನನ್ನ ಮುಖ ನೋಡಿ ಬೈಲಿ."

ಅವಳು ಹತ್ತಿದ ಎಸ್ಕಲೇಟರನ್ನು ದೊಡ್ಡಪ್ಪ ಹತ್ತುತ್ತಿರಲಿಲ್ಲ. ಹಾಗಾಗಿ ಆ ದಿನವೂ ಅವಳು ಪಕ್ಕದ ಮೆಟ್ಟಿಲಿಳಿದು ಮೊದಲೇ ಕೆಳಗಿದ್ದಳು. ನಾನು ಇಳಿದು ಕಂಬದ ಬಳಿ ನಿಂತೆ. ಅಣ್ಣ ಫೋನು ನೋಡುತ್ತಾ ಇಳಿದು ಮುಂದೆ ಹೋದ. ದೊಡ್ಡಪ್ಪ ಇಳಿದ. ಅವನ ಹಿಂದಿದ್ದ ದೊಡ್ಡವ್ವ ನೆಲಕ್ಕೆ ಕಾಲಿಡುವಾಗ ಸೀರೆಯ ಅಂಚು ಯಂತ್ರದ ಹಲ್ಲುಗಳ ನಡುವೆ ಸಿಕ್ಕಿತು. ಅವಳು ಮಂಡಿಯೂರಿ ಬಿದ್ದಳು. ಸೀರೆ ಒಳಗೆ ಹೋಗುತ್ತಲೇ ಇತ್ತು, ಅದನ್ನು ಹಿಡಿದೆಳೆಯುತ್ತಿದ್ದ ಅವಳ ಕೈಯೂ ಅದರ ಜೊತೆಗೆ.

ನಾನು ನೋಡುತ್ತಾ ನಿಂತಿದ್ದೆ. ದೊಡ್ಡಪ್ಪ ಎರಡೂ ಕೈ ಮೇಲೆತ್ತಿ ಯಂತ್ರಕ್ಕೆ ಆಜ್ಞೆ ಮಾಡಿದ: "ಏ, ನಿಂದ್ರು! ನಿಂದ್ರಲೇ!" ಯಂತ್ರಕ್ಕೆ ಕಲಬುರಗಿಯ ಕನ್ನಡ ಬರುತ್ತಿರಲಿಲ್ಲ. ಅತ್ತಿಗೆ ಓಡಿಬಂದು, ಕುಕ್ಕರಗಾಲಲ್ಲಿ ಕೂತು, ಕೈ ಹಿಡಿಯುವ ಪಟ್ಟಿಯ ಬುಡದಲ್ಲಿದ್ದ ಕೆಂಪು ಗುಂಡಿಗೆ ಅಂಗೈಯಿಂದ ಹೊಡೆದಳು. ನಿಂತಿತು. ದೊಡ್ಡವ್ವನ ಬೆರಳಿಗೂ ಆ ಹಲ್ಲುಗಳಿಗೂ ನಡುವೆ ನಾಲ್ಕು ಬೆರಳು ಜಾಗವಿತ್ತು.

ಜನ ಸೇರಿದರು. ಯಾವುದೋ ಅಂಗಡಿಯಿಂದ ಕತ್ತರಿ ಬಂತು. ಅತ್ತಿಗೆಯೇ ಸೀರೆ ಕತ್ತರಿಸಿ ಬಿಡಿಸುತ್ತಿದ್ದಳು. ದೊಡ್ಡಪ್ಪ ಅಷ್ಟರಲ್ಲಾಗಲೇ ಜನರಿಗೆ ಹೇಳಿ ಮುಗಿಸಿದ್ದ: "ನಾ ಒದರಿದ್ದಕ್ಕ ನಿಂತ್ತು ನೋಡ್ರಿ. ಇಲ್ಲಂದ್ರ ಮುಗೀತಿತ್ತು."

ಆಮೇಲೆ ನನ್ನ ಕಡೆ ತಿರುಗಿದ. "ನೀ ಇಲ್ಲೇ ಇದ್ದೆಲ್ಲೊ. ಯಾರು ನಿಂದ್ರಿಸಿದ್ರು? ಹೇಳಿವರಿಗಿ."

ಕತ್ತರಿ ನಿಂತಿತು. ಅತ್ತಿಗೆ ತಲೆಯೆತ್ತಿ ನನ್ನನ್ನು ನೋಡಿದಳು. ಇಪ್ಪತ್ತು ಜನರೆದುರು ನಾನು ಅವಳತ್ತ ಬೆರಳು ತೋರಿಸಿದ್ದರೆ ಸಾಕಿತ್ತು. ಎಷ್ಟೇ ಹಟವಿದ್ದರೂ ಅವನು ಅವಳಿಗೆ ಒಂದು ಮಾತು ಆಡಲೇಬೇಕಾಗುತ್ತಿತ್ತು.

"ನೀನೇ, ದೊಡ್ಡಪ್ಪ," ಅಂದೆ.

"ಹಾಂ. ಆಕೀಗಿ ಹೇಳು, ನೀರು ಕೊಡಂತ."

ದೊಡ್ಡಪ್ಪ ಹೋದ ವರ್ಷ ತೀರಿಕೊಂಡ, ಕೊನೆಯವರೆಗೂ ನನ್ನ ಮೂಲಕವೇ ಮಾತಾಡಿ. ಹನ್ನೊಂದನೆಯ ದಿನಕ್ಕೆ ಬಂದ ನೆಂಟರು, ಒಂದೇ ಗದರಿಕೆಗೆ ಕರೆಂಟಿನ ಯಂತ್ರ ನಿಲ್ಲಿಸಿದ ಅವನ ಗಂಟಲನ್ನು ಹೊಗಳುತ್ತಾ ಹೋಳಿಗೆ ಉಂಡರು. ಅತ್ತಿಗೆ ಬಡಿಸುತ್ತಿದ್ದಳು.

ಕಣ್ಣಾರೆ ಕಂಡವರಲ್ಲಿ ಬದುಕಿರುವವರು ಮೂವರು. ಅಣ್ಣನನ್ನು ಸೇರಿಸುವಂತಿಲ್ಲ, ಅವನು ತಿರುಗಿ ನೋಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ದೊಡ್ಡವ್ವ ಇದ್ದಾಳೆ; ಆ ಹೊತ್ತು ಅವಳು ಉಳಿದ ಸೀರೆಯನ್ನು ಮೈಗೆ ಸುತ್ತಿಕೊಳ್ಳುತ್ತಿದ್ದಳು. ಅತ್ತಿಗೆ ಇದ್ದಾಳೆ, ಅವಳನ್ನು ಯಾರೂ ಕೇಳಲಿಲ್ಲ. ನಾನಿದ್ದೇನೆ. ನನ್ನನ್ನು ಕೇಳಿದ್ದರು.