ನಿಮಲ್ ನಿನಗೆ ದ್ರೋಹ ಮಾಡಿರಲಿಲ್ಲ

ಕುಮಾರನ್, ನಿನ್ನ ರಜೆ ತಪ್ಪಿಸಿದವನು ನಿಮಲ್ ಅಲ್ಲ — ನಾನು. ಈ ಒಂದು ಸಾಲನ್ನು ಇಷ್ಟು ವರ್ಷ ನುಂಗಿಕೊಂಡು ನಿನ್ನ ಸ್ನೇಹಿತ ಅನ್ನಿಸಿಕೊಂಡೆ.

ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಬೇರೆಯವರೂ ಓದಲಿ. ಮಸ್ಕತ್ತಿನ ಬೌಷರ್‌ನ ಕಚೇರಿಯಲ್ಲಿ ನಾವು ಮೂವರೂ ಕಟ್ಟಡಗಳ ನಕ್ಷೆ ಬರೆಯುತ್ತಿದ್ದೆವು. ನಾನು ಧಾರವಾಡದವನು, ನೀನು ಶ್ರೀಲಂಕೆಯ ತಮಿಳ, ನಿಮಲ್ ಅಲ್ಲಿಯವನೇ ಆದ ಸಿಂಹಳೀಯ. ನಿಮ್ಮ ದೇಶ ಇಪ್ಪತ್ತೈದು ವರ್ಷ ಎರಡಾಗಿ ಹೊಡೆದಾಡಿತು. ನೀವಿಬ್ಬರು ಮಾತ್ರ ಒಂದೇ ಡಬ್ಬಿಯ ಮೀನುಸಾರಿಗೆ ಕಿತ್ತಾಡುತ್ತಿದ್ದಿರಿ. ನಾನು ಮೂಗು ಮುಚ್ಚಿಕೊಂಡರೆ ಇಬ್ಬರೂ ಒಂದಾಗಿ ನನ್ನನ್ನು ಕಾಡುತ್ತಿದ್ದಿರಿ.

2009ರಲ್ಲಿ ತಮಿಳು ಬಂಡುಕೋರರ ಕೈಯಲ್ಲಿದ್ದ ಕಿಲಿನೊಚ್ಚಿ ಬಿತ್ತು. ಯುದ್ಧ ಕಡಲತಡಿಯ ಒಂದು ಚೂರು ನೆಲಕ್ಕೆ ಬಂದು ನಿಂತಿತು — ಅದರೊಳಗೆ ನಿನ್ನ ತಾಯಿ. ಮೇ ತಿಂಗಳಲ್ಲಿ ಎಲ್ಲ ಮುಗಿದ ಮೇಲೆ ಸುದ್ದಿ ಬಂತು: ಬದುಕಿದ್ದಾರೆ, ವವುನಿಯಾದಲ್ಲಿ ಸೈನ್ಯದ ಕಾವಲಿನ ಶಿಬಿರದಲ್ಲಿದ್ದಾರೆ, ಕಾಯಿಲೆ. ಮಗ ಬಂದು ನಿಂತರೆ ಬಿಟ್ಟರೂ ಬಿಟ್ಟಾರು.

ನಮ್ಮ ಪಾಸ್‌ಪೋರ್ಟುಗಳೆಲ್ಲ ಕಫೀಲನ, ಅಂದರೆ ನಮಗೆ ವೀಸಾ ಕೊಡಿಸಿದ ಮಾಲೀಕನ, ಕಪಾಟಿನಲ್ಲಿದ್ದವು. ತುರ್ತು ರಜೆಗೆ ಸಹೋದ್ಯೋಗಿಯೊಬ್ಬ ಜಾಮೀನು ಸಹಿ ಹಾಕಬೇಕು; ಹೋದವನು ಮರಳುವ ತನಕ ಸಹಿ ಹಾಕಿದವನು ಊರಿಗೆ ಹೋಗುವಂತಿಲ್ಲ. ನಾನು ಹಾಕುತ್ತೇನೆಂದು ನಿನ್ನ ಕೈ ಹಿಡಿದು ಹೇಳಿದೆ. ಆ ಸಂಜೆ ಮನೆಯಲ್ಲಿ ಹೆಂಡತಿ ಕೇಳಿದಳು: "ಮುಂದಿನ ತಿಂಗಳ ನನ್ನ ತಂಗಿ ಮದುವಿ ಅದ. ಅಂವಾ ಬರಲಿಲ್ಲಂದ್ರ ನೀವು ಇಲ್ಲೇ ಕುಂದರ್ತೀರೇನು?"

ಅವಳು ಕೇಳಿದ್ದರಲ್ಲಿ ತಪ್ಪಿಲ್ಲ. ನಿನ್ನ ಮುಖ ನೋಡಿ ಆಗುವುದಿಲ್ಲ ಅಂದಿದ್ದರೆ ಮುಗಿಯುತ್ತಿತ್ತು. ಅಷ್ಟು ನಿಯತ್ತೂ ನನ್ನಲ್ಲಿರಲಿಲ್ಲ. ಮರುದಿನ ಮ್ಯಾನೇಜರ್, ನೀನು ವಾಪಸ್ ಬರುತ್ತೀಯಾ ಎಂದು ಕೇಳಿದಾಗ ನಾನೇ ಹೇಳಿದೆ — "ಡೌಟು ಸರ್. ಅವರ ಮನೆಯವರು ಬಂಡುಕೋರರ ಕಡೆಯವರಂತೆ." ಹಾಗೆಂದು ನನಗೆ ಯಾರೂ ಹೇಳಿರಲಿಲ್ಲ. ಆ ಗಳಿಗೆಗೆ ಬಾಯಿಗೆ ಬಂದದ್ದು ಅದು. "ಖಲಾಸ್" ಎಂದು ಅವರು ನಿನ್ನ ಅರ್ಜಿಯನ್ನು ಪಕ್ಕಕ್ಕಿಟ್ಟರು.

ಕಾರಣ ಕೇಳಿ ನೀನು ಹೊರಬಂದೆ; ಹಾಗೆ ಹೇಳಿದವನ ಹೆಸರನ್ನು ಮ್ಯಾನೇಜರ್ ಬಿಟ್ಟುಕೊಟ್ಟಿರಲಿಲ್ಲ. ನಿನ್ನ ಕಣ್ಣು ಹೊರಳಿದ್ದು ನಿಮಲ್ ಕಡೆಗೆ. ಸೈನ್ಯದಲ್ಲಿದ್ದ ತಮ್ಮ ಬದುಕಿ ಬಂದನೆಂದು ಅವನು ಹಿಂದಿನ ವಾರವಷ್ಟೇ ಹಾಲನ್ನ ತಂದು ಹಂಚಿದ್ದ. ನೀನು ಮುಟ್ಟಿರಲಿಲ್ಲ. ನಾನು ಎರಡು ಸಲ ಹಾಕಿಸಿಕೊಂಡು ತಿಂದಿದ್ದೆ.

ಎರಡು ದಿನ ಬಿಟ್ಟು ನಿಮಲ್ ಜಾಮೀನು ಕಾಗದ ಹಿಡಿದು ನಿನ್ನ ಮೇಜಿಗೆ ಬಂದ. "ಮಚಾಂ, ನಾನು ಸೈನ್ ಮಾಡಿದ್ದೀನಿ. ಮ್ಯಾನೇಜರೂ ಓಕೆ ಅಂದ್ರು. ಹೋಗು, ಅಮ್ಮನ್ನ ನೋಡು."

ನೀನು ನನ್ನತ್ತ ತಿರುಗಿದೆ. "ನೀನೇ ಹೇಳು, ಇವನನ್ನ ನಂಬಲಾ?"

ಹೌದು ಅನ್ನಬೇಕಿತ್ತು — ಒಂದೇ ಒಂದು ಮಾತು. ಆದರೆ ನೀವಿಬ್ಬರು ಕೂತು ಮಾತಾಡಿದರೆ ಹೇಳಿದವನು ಯಾರೆಂದು ಬಯಲಾಗುತ್ತಿತ್ತು. ಕಳ್ಳನ ಮನಸ್ಸು ಹುಳ್ಳುಳ್ಳಗೆ.

"ನಿನ್ನಿಷ್ಟ" ಎಂದೆ.

ನೀನು ಆ ಕಾಗದವನ್ನು ಹರಿದು ಹಾಕಿದೆ. ನಿಮಲ್ ಚೂರುಗಳನ್ನು ಹೆಕ್ಕಿಕೊಂಡು ಹೋದ.

ಕೆಲಸ ಬಿಟ್ಟು ಪಾಸ್‌ಪೋರ್ಟ್ ಬಿಡಿಸಿಕೊಳ್ಳಲು ನಿನಗೆ ಎರಡು ತಿಂಗಳು ಹಿಡಿಯಿತು. ಅಷ್ಟರಲ್ಲಿ ನಾನು ಮದುವೆಗೆ ಹೋಗಿ, ಹೋಳಿಗೆ ಉಂಡು, ವಾಪಸ್ಸೂ ಬಂದಿದ್ದೆ. ವಿಮಾನ ನಿಲ್ದಾಣಕ್ಕೆ ನಿನ್ನನ್ನು ಬಿಡಲು ಬಂದವನೂ ನಾನೇ. "ಇಲ್ಲಿ ನನ್ನವನು ಅಂತಿದ್ದದ್ದು ನೀನೊಬ್ಬನೇ" ಎಂದು ನೀನು ತಬ್ಬಿಕೊಂಡೆ. ನಾನು ತಬ್ಬಿಸಿಕೊಂಡೆ.

ನೀನು ಶಿಬಿರ ಮುಟ್ಟುವ ಒಂಬತ್ತು ದಿನ ಮೊದಲು ನಿನ್ನ ತಾಯಿ ತೀರಿಕೊಂಡಿದ್ದರು. ಕೊನೆಯವರೆಗೂ ಗೇಟಿನ ಕಡೆ ಮುಖ ಮಾಡಿ ಮಲಗುತ್ತಿದ್ದರೆಂದು ಪಕ್ಕದ ಹೆಂಗಸು ಹೇಳಿದ್ದನ್ನು ನೀನೇ ನನಗೆ ಬರೆದೆ. ಸಮಾಧಾನ ಹೇಳಲಿ ಎಂದು — ನನಗೆ.

ಪ್ರತಿ ಪೊಂಗಲ್‌ಗೂ ನಿನ್ನ ಪತ್ರ ಬರುತ್ತದೆ, ನಿಮಲ್‌ನನ್ನು ಶಪಿಸುವ ಒಂದು ಸಾಲಿನೊಂದಿಗೆ. ಆ ಸಾಲಿಗೆ ನಾನು ಯಾವತ್ತೂ ಉತ್ತರ ಬರೆದಿಲ್ಲ. ನಿಮ್ಮ ದೇಶದ ಯುದ್ಧ ಮುಗಿದ ಮೇಲೂ ನಿಮ್ಮಿಬ್ಬರ ನಡುವಿನದನ್ನು ಸಾಕಿದವನು ನಾನು.

ಇದನ್ನು ಕನ್ನಡದಲ್ಲಿ ಬರೆದಿದ್ದೇನೆ — ನಿನಗೆ ಓದಲು ಬಾರದ ಭಾಷೆಯಲ್ಲಿ. ಇದೂ ಹೇಡಿತನವೇ. ನಾಳೆ ಇಂಗ್ಲಿಷಿನಲ್ಲಿ ಬರೆದು ಕಳಿಸುತ್ತೇನೆ, ಇಬ್ಬರಿಗೂ. ನಿನಗೆ ಕಳಿಸುವ ಪತ್ರದ ಕೆಳಗೆ ನಿಮಲ್‌ನ ವಿಳಾಸವಿರುತ್ತದೆ. ನನ್ನದು ನಿನಗೆ ಗೊತ್ತೇ ಇದೆ, ಆದರೂ ಬರೆಯುವುದಿಲ್ಲ; ನನಗೆ ಉತ್ತರ ಬರೆಯುವ ಹಂಗು ನಿನಗೆ ಬೇಡ.