ಕೀವಿಗೆ ಎರಡು ದಿನ

ಸಿಂಧನೂರಿನ ನಮ್ಮ ಲ್ಯಾಬಿಗೆ ಬಳಗಾನೂರಿನ ಭತ್ತದ ರೈತರೊಬ್ಬರು ಬಂದಿದ್ದರು. ವಾರದಿಂದ ಗುಳಿಗೆ ನುಂಗಿದರೂ ಕಾಲಿನ ಗಾಯ ಮಾಯ್ದಿರಲಿಲ್ಲ. ಕೀವು ತೆಗೆದುಕೊಂಡು, ರಿಪೋರ್ಟಿಗೆ ಎರಡು ದಿನ ಬೇಕೆಂದೆ.

"ಎರಡು ದಿನ ಅದನ್ನ ಇಟಗೊಂಡು ಏನ್ ಮಾಡ್ತೀರಿ?" ಎಂದು ದಿಟ್ಟಿಸಿದರು.

ಅವರ ಅನುಮಾನಕ್ಕೆ ಮೂರನೇ ದಿನ ಲ್ಯಾಬಿನ ಗಾಜಿನ ತಟ್ಟೆಯನ್ನೇ ತೋರಿಸಿದೆ. ಅದರಲ್ಲಿ ಕೀವಿನ ರೋಗಾಣು ಬೆಳೆಸಿ, ಮೇಲೆ ಬೇರೆ ಬೇರೆ ಔಷಧದ ಬಿಲ್ಲೆಗಳನ್ನಿಟ್ಟಿದ್ದೆ. ಒಂದರ ಸುತ್ತ ಮಾತ್ರ ರೋಗಾಣು ಸತ್ತು ಬಯಲಾಗಿತ್ತು. ಬಿಡಿಸಿ ಹೇಳಬೇಕಾಗಲಿಲ್ಲ; ಗದ್ದೆಯ ಕಳೆ ತೋರಿಸುವಂತೆ ಅವರೇ ಬೆರಳಿಟ್ಟರು.

"ಇಲ್ಲಿ ಕಸ ಸತ್ತೈತಿ. ಇಲ್ಲಿ ಹಂಗ ಬೆಳದೈತಲ್ಲ, ಇದ್ಯಾವ ಔಷಧ್ರಿ?"

"ನೀವು ನುಂಗಾಕತ್ತಿದ್ರಲ್ಲ ಕಾಕಾ, ಅದ."

ಡಾಕ್ಟರು ಗುಳಿಗೆ ಬದಲಿಸಿದರು, ಗಾಯ ಒಣಗಿತು. ಹೇಳಿಹೋಗಲು ಬಂದವರು ಗದ್ದೆಯ ಕಸಕ್ಕೆ ಹೊಡೆಯುವ ಔಷಧದ ಬಾಟಲಿಯೊಂದನ್ನು ಮೇಜಿನ ಮೇಲಿಟ್ಟರು.

"ಅಂಗಡ್ಯಾಂವ ಅಸಲಿ ಅಂತಾನ. ನಂಗ್ಯಾಕೋ ಡೌಟೈತಿ. ಆ ತಟ್ಟ್ಯಾಗ ಇದನ್ನೂ ಒಂದು ಹನಿ ಬಿಟ್ಟು ನೋಡ್ರಿ."